ಸ್ಲಾಟ್ ಉದ್ದ ನೋಡಬೇಡಿ, ಲೇನ್ ಎಣಿಸಿ

[ದೃಶ್ಯ: ಮೇಜಿನ ಮೇಲೆ ಮದರ್‌ಬೋರ್ಡ್. ಕ್ಯಾಮೆರಾ ಎರಡು ಉದ್ದನೆಯ ಸ್ಲಾಟ್‌ಗಳ ಮೇಲೆ]

ನಮಸ್ಕಾರ. ಕಾರ್ಡ್ ಕೂರಿಸುವ ಈ ಎರಡು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ಗಳು ನೋಡಲು ಅವಳಿಗಳಂತಿವೆ. ಗ್ರಾಫಿಕ್ಸ್ ಕಾರ್ಡ್ ಎರಡರಲ್ಲಿಯೂ ಸಲೀಸಾಗಿ ಕೂರುತ್ತದೆ, ಪರದೆಯ ಮೇಲೆ ಚಿತ್ರವೂ ಬರುತ್ತದೆ. ಆದರೆ ಮೇಲಿನದರಲ್ಲಿ ದತ್ತಾಂಶ ಸಾಗುವ 16 ದಾರಿಗಳಿವೆ, ಅಂದರೆ ಲೇನ್‌ಗಳಿವೆ; ಕೆಳಗಿನದರಲ್ಲಿ ನಾಲ್ಕೇ ನಾಲ್ಕು. ಉಳಿದ ಜಾಗ ಬರಿಯ ಪ್ಲಾಸ್ಟಿಕ್.

[ದೃಶ್ಯ: ಕೆಳಗಿನ ಸ್ಲಾಟ್‌ನ ಒಳಭಾಗ, ಟಾರ್ಚ್ ಬೆಳಕಿನಲ್ಲಿ]

ಟಾರ್ಚ್ ಹಿಡಿದು ನೋಡಿ: ಲೋಹದ ಪಿನ್‌ಗಳು ಸ್ವಲ್ಪ ದೂರಕ್ಕೇ ನಿಂತುಬಿಟ್ಟಿವೆ. ಎಲ್ಲ ಬೋರ್ಡ್‌ಗಳಲ್ಲಿ ಇದು ಹೀಗೆ ಕಾಣುವುದಿಲ್ಲ, ಆದ್ದರಿಂದ ಕೈಪಿಡಿಯ ಮಾತೇ ಅಂತಿಮ.

ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಒಂದು ಲೇನ್ ಎಂದರೆ ಎರಡು ಜೋಡಿ ತಂತಿ. ಕಳುಹಿಸಲು ಒಂದು ಜೋಡಿ, ಪಡೆಯಲು ಇನ್ನೊಂದು. ಕಂಪ್ಯೂಟರ್ ಚಾಲೂ ಆದಾಗ ಕಾರ್ಡ್ ಮತ್ತು ಬೋರ್ಡ್ ಮಾತಾಡಿಕೊಂಡು, ಇಬ್ಬರಿಗೂ ಸಾಧ್ಯವಿರುವ ಲೇನ್ ಸಂಖ್ಯೆಗೂ ವೇಗಕ್ಕೂ ಒಪ್ಪಿಕೊಳ್ಳುತ್ತವೆ. ಹೊಸ ಕಾರ್ಡ್ ಹಳೆಯ ಬೋರ್ಡ್‌ನಲ್ಲಿ ನಡೆಯುವುದು ಈ ಒಪ್ಪಂದದಿಂದಲೇ. ಬಹಳ ಸೊಗಸಾದ ವ್ಯವಸ್ಥೆ. ಆದರೆ ಲೇನ್ ಅಥವಾ ವೇಗ ನಷ್ಟವಾದಾಗ ಯಾವ ಎಚ್ಚರಿಕೆಯೂ ಬರುವುದಿಲ್ಲ.

[ದೃಶ್ಯ: ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡ್]

2022ರ ಜನವರಿಯಲ್ಲಿ ಎಎಂಡಿ ಬಿಡುಗಡೆ ಮಾಡಿದ ಈ ಕಾರ್ಡ್ ನೋಡಿ. ಅಂಚು ಪೂರ್ತಿ ಉದ್ದವಿದೆ, ಕೆಲಸ ಮಾಡುವ ಲೇನ್‌ಗಳು ಮಾತ್ರ ನಾಲ್ಕು. ಪಿಸಿಐ ಎಕ್ಸ್‌ಪ್ರೆಸ್‌ನ 4.0 ಪೀಳಿಗೆಯಲ್ಲಿ ಒಂದು ಲೇನ್ ಸೆಕೆಂಡಿಗೆ ಸುಮಾರು 2 ಜಿಬಿ ಸಾಗಿಸುತ್ತದೆ, ಅಂದರೆ ಒಟ್ಟು 8 ಜಿಬಿ. ಇದೇ ಕಾರ್ಡನ್ನು ಹಿಂದಿನ ಪೀಳಿಗೆಯ 3.0 ಬೋರ್ಡ್‌ಗೆ ಹಾಕಿದರೆ ಅದು 4 ಜಿಬಿಗೆ ಇಳಿಯುತ್ತದೆ. ಕಾರ್ಡಿನ ಸ್ವಂತ ಮೆಮೊರಿ 4 ಜಿಬಿ. ಆಟವೊಂದು ಅದನ್ನು ತುಂಬಿಸಿದ ಕ್ಷಣದಿಂದ, ಉಳಿದ ದತ್ತಾಂಶವನ್ನು ಮುಖ್ಯ ರ‍್ಯಾಮ್‌ನಿಂದ ಇದೇ ಇಕ್ಕಟ್ಟಿನ ದಾರಿಯಲ್ಲಿ ತರಿಸಿಕೊಳ್ಳಬೇಕು. ಆಗ ಚಿತ್ರ ತಡವರಿಸುತ್ತದೆ. ಅಗ್ಗದ ಕಾರ್ಡ್ ಕೊಳ್ಳುವವರ ಮನೆಯಲ್ಲಿ ಇರುವುದು ಹೆಚ್ಚಾಗಿ ಹಳೆಯ ಬೋರ್ಡೇ. ಹೊಡೆತ ಬೀಳುವುದೂ ಅವರಿಗೇ. ಇದು ನನಗೆ ನಿಜಕ್ಕೂ ಬೇಸರ ತರಿಸುವ ವಿನ್ಯಾಸ.

ಪ್ರೊಸೆಸರ್ ಅನ್ನೂ ಮರೆಯಬೇಡಿ. ಬಿ550 ಬೋರ್ಡ್‌ನ ಪೆಟ್ಟಿಗೆಯ ಮೇಲೆ 4.0 ಎಂದಿದ್ದರೂ, 3.0 ವರೆಗೆ ಮಾತ್ರ ಬೆಂಬಲಿಸುವ ರೈಜನ್ 5 5600ಜಿ ಪ್ರೊಸೆಸರ್ ಕೂರಿಸಿದರೆ ಮೊದಲ ಸ್ಲಾಟ್ 3.0 ವೇಗದಲ್ಲೇ ಓಡುತ್ತದೆ.

ಹಳೆಯ ಪಿಸಿಐ ಸೌಂಡ್ ಕಾರ್ಡ್ ಇದೆಯೇ? ಅದು ಬೇರೆಯೇ ಜಾತಿ. ಎಕ್ಸ್‌ಪ್ರೆಸ್ ಸ್ಲಾಟ್‌ಗೆ ಒತ್ತಿ ತೂರಿಸಲು ಹೋಗಬೇಡಿ.

[ದೃಶ್ಯ: ವಿದ್ಯುತ್ ಕೇಬಲ್]

ಸ್ಲಾಟ್ ಕೊಡುವ ವಿದ್ಯುತ್ ಹೆಚ್ಚೆಂದರೆ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕೆಂದರೆ ಪವರ್ ಸಪ್ಲೈಯಿಂದ ನೇರ ಕೇಬಲ್ ಬೇಕು; ಆರು ಪಿನ್‌ನದು ಇನ್ನೂ 75, ಎಂಟು ಪಿನ್‌ನದು 150 ವ್ಯಾಟ್ ಕೊಡುತ್ತದೆ.

ಇನ್ನು ಎಂ.2 ಎಸ್‌ಎಸ್‌ಡಿ, ಅಂದರೆ ಬೋರ್ಡ್ ಮೇಲೆ ನೇರವಾಗಿ ಕೂರುವ ಪುಟ್ಟ ಸಂಗ್ರಹ ಸಾಧನ. ಕೆಲವು ಬೋರ್ಡ್‌ಗಳಲ್ಲಿ ಎರಡನೇ ಎಂ.2 ಜಾಗ ತುಂಬಿದರೆ ಕೆಳಗಿನ ಸ್ಲಾಟ್ ಅಥವಾ ಹಾರ್ಡ್ ಡಿಸ್ಕ್ ಜೋಡಿಸುವ ಒಂದೆರಡು ಸಾಟಾ ಪೋರ್ಟ್‌ಗಳು ಸ್ತಬ್ಧವಾಗುತ್ತವೆ, ಏಕೆಂದರೆ ಲೇನ್‌ಗಳು ಹಂಚಿಕೆಯಲ್ಲಿವೆ. ಕೈಪಿಡಿಯಲ್ಲಿ ಇದನ್ನು ಸಣ್ಣ ಅಕ್ಷರದ ಟಿಪ್ಪಣಿಯಾಗಿ ಹಾಕಿರುತ್ತಾರೆ. ದಯವಿಟ್ಟು ಹುಡುಕಿ ಓದಿ.

[ದೃಶ್ಯ: ಪರದೆಯ ಮೇಲೆ ಜಿಪಿಯು-ಝಡ್]

ಕಾರ್ಡ್ ಈಗಾಗಲೇ ಕೂತಿದ್ದರೆ ಜಿಪಿಯು-ಝಡ್ ತಂತ್ರಾಂಶ ತೆರೆದು ‘ಬಸ್ ಇಂಟರ್‌ಫೇಸ್’ ಸಾಲು ನೋಡಿ. ಕಾರ್ಡಿನ ಸಾಮರ್ಥ್ಯ ಮತ್ತು ಈಗ ಸಿಕ್ಕಿರುವ ಸಂಪರ್ಕ ಎರಡೂ ಅಲ್ಲಿವೆ. ಸುಮ್ಮನಿರುವಾಗ ಕಾರ್ಡ್ ವಿದ್ಯುತ್ ಉಳಿಸಲು ವೇಗ ತಗ್ಗಿಸಿಕೊಳ್ಳುತ್ತದೆ. ಆದ್ದರಿಂದ ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿ ಅಲ್ಲಿನ ಪರೀಕ್ಷೆ ಶುರುಮಾಡಿ, ಅದು ಓಡುತ್ತಿರುವಾಗಲೇ ಸಂಖ್ಯೆ ಓದಿಕೊಳ್ಳಿ.