ಭಾನುವಾರದ ಸಂತೆ, ಬೆಟ್ಟದ ನೆಲ

ಕೇಳುಗರಿಗೆ ನಮಸ್ಕಾರ.

ಹದಿನೆಂಟನೆಯ ಶತಮಾನದಲ್ಲಿ ಬ್ರಿಟನ್ನಿನ ವಸಾಹತಾಗಿದ್ದ ಜಮೈಕಾ ದ್ವೀಪದಲ್ಲಿ ಲಂಡನ್ನಿನ ಬಂಡವಾಳ ಕಬ್ಬಿನ ತೋಟಗಳಿಗೆ ಹರಿಯುತ್ತಿತ್ತು. ತೋಟದ ಲೆಕ್ಕಪುಸ್ತಕದಲ್ಲಿ ಎತ್ತು, ಹೇಸರಗತ್ತೆಗಳ ಜೊತೆ ಗುಲಾಮರಿಗೂ ಬೆಲೆ ಕಟ್ಟಿ ಬರೆದಿರುತ್ತಿದ್ದರು. ಅದೇ ಜನ ಭಾನುವಾರ ಬಂತೆಂದರೆ ಬೆಳೆಗಾರರು, ವ್ಯಾಪಾರಿಗಳು.

ಇದರಲ್ಲಿ ಧಣಿಗಳ ಔದಾರ್ಯವೇನೂ ಇರಲಿಲ್ಲ. ಊಟ ಹಾಕುವ ಖರ್ಚು ಉಳಿಯಲೆಂದು ಕಬ್ಬಿಗೆ ಒಗ್ಗದ ಬೆಟ್ಟದ ಇಳಿಜಾರನ್ನು ಬಿಟ್ಟುಕೊಟ್ಟಿದ್ದರು. ಎಷ್ಟೋ ಕಡೆ ಅದು ಗುಡಿಸಲಿನಿಂದ ಮೈಲುಗಟ್ಟಲೆ ದೂರ. ಅಲ್ಲಿ ಪೊದೆ ಕಡಿದು ಸುಟ್ಟು, ಮಣ್ಣು ಗುಡ್ಡೆ ಹಾಕಿ, ಬಳ್ಳಿಗೆಣಸಿನ ತಲೆಭಾಗ ಕತ್ತರಿಸಿ ನೆಡಬೇಕು. ಬಳ್ಳಿ ಹಬ್ಬಲು ಗೂಟ ನಿಲ್ಲಿಸಬೇಕು. ಗೆಡ್ಡೆ ಬಲಿಯಲು ಎಂಟು ಹತ್ತು ತಿಂಗಳು. ಕಬ್ಬು ಅರೆಯುವ ಕಾಲದಲ್ಲಿ ಗಾಣದ ಮನೆಯಲ್ಲಿ ರಾತ್ರಿ ಪಾಳಿಯೂ ಇರುತ್ತಿತ್ತು, ಕಳೆ ಕೀಳಲು ಪುರಸೊತ್ತೆಲ್ಲಿ? ಬಿರುಗಾಳಿ ಬಂದರೆ ಮೊದಲು ಮಲಗುವುದು ಬಾಳೆ. 1780ರಿಂದ ಕೆಲವೇ ವರ್ಷಗಳಲ್ಲಿ ಚಂಡಮಾರುತಗಳು ಮೇಲಿಂದ ಮೇಲೆ ಅಪ್ಪಳಿಸಿದವು, ಅಮೆರಿಕದ ಸ್ವಾತಂತ್ರ್ಯ ಯುದ್ಧದಿಂದಾಗಿ ಹಡಗಿನ ಧಾನ್ಯವೂ ಕಡಿಮೆಯಾಯಿತು. ಹಸಿವಿನಿಂದ, ಹಸಿವು ತಂದ ಕಾಯಿಲೆಗಳಿಂದ ಸುಮಾರು 15,000 ಗುಲಾಮರು ಸತ್ತರೆಂದು ಜಮೈಕಾದ ಶಾಸನಸಭೆಯೇ ಅಂದಾಜು ಮಾಡಿತು.

ಒಳ್ಳೆಯ ವರ್ಷ ಮನೆಗೆ ಮಿಕ್ಕಿದ್ದು ಸಂತೆಗೆ ಹೋಗುತ್ತಿತ್ತು. ಗೆಣಸು, ಶುಂಠಿ, ಕೋಳಿ, ಮೊಟ್ಟೆ ತುಂಬಿದ ಬುಟ್ಟಿ ಹೊತ್ತು ನಸುಕಿನಲ್ಲೇ ನಡೆದು ಬರುತ್ತಿದ್ದವರಲ್ಲಿ ಹೆಂಗಸರು ಬಹಳ. ಮರಳುವಾಗ ಬುಟ್ಟಿಯಲ್ಲಿ ಉಪ್ಪುಮೀನು, ಬಟ್ಟೆ. ಕಿಂಗ್‌ಸ್ಟನ್ ಪೇಟೆಯ ಬಿಳಿಯರ ಅಡುಗೆಮನೆಗಳೂ ಈ ಬುಟ್ಟಿಗಳನ್ನೇ ನೆಚ್ಚಿಕೊಂಡಿದ್ದವು. ದ್ವೀಪದಲ್ಲಿ ಓಡಾಡುವ ನಾಣ್ಯದಲ್ಲಿ ಐದರಲ್ಲೊಂದು ಪಾಲು ಗುಲಾಮರ ಕೈಯಲ್ಲಿದೆ ಎಂದು 1774ರಲ್ಲಿ ಎಡ್ವರ್ಡ್ ಲಾಂಗ್ ಲೆಕ್ಕ ಹಾಕಿದ. ಲಾಂಗ್ ಸ್ವತಃ ತೋಟದ ಮಾಲೀಕ, ಗುಲಾಮಗಿರಿಯನ್ನು ಎತ್ತಿಹಿಡಿದವನು. ಗುಲಾಮರ ಮೇಲಿನ ಪ್ರೀತಿಯಿಂದ ಅಂಕಿ ಹಿಗ್ಗಿಸುವವನಲ್ಲ. ಬಂಡವಾಳಶಾಹಿಗೆ ಈ ಜನರಿಂದ ಸಿಕ್ಕಿದ್ದು ಬಿಟ್ಟಿ ದುಡಿಮೆ ಮಾತ್ರ ಎನ್ನುವುದು ಅರ್ಧ ಮಾತು. ತಮ್ಮ ಅನ್ನ ತಾವೇ ಬೆಳೆದು ಸಕ್ಕರೆಯ ಅಸಲು ಖರ್ಚನ್ನು ತಗ್ಗಿಸಿದವರು ಅವರು. ಪೇಟೆಗೆ ಆಹಾರ ಒದಗಿಸಿದವರು, ಆಮದಿನ ಸರಕಿಗೆ ಗಿರಾಕಿಗಳಾದವರೂ ಅವರೇ.

ಕಾನೂನಿನಂತೆ ಅವರಿಗೆ ಆಸ್ತಿಯ ಹಕ್ಕಿರಲಿಲ್ಲ. ರೂಢಿಯಲ್ಲಿ ಮಾತ್ರ ಆ ನೆಲ ಹೆತ್ತವರಿಂದ ಮಕ್ಕಳಿಗೆ ಬರುತ್ತಿತ್ತು, ಧಣಿಗಳೂ ಸಾಮಾನ್ಯವಾಗಿ ಅದಕ್ಕೆ ಕೈ ಹಾಕುತ್ತಿರಲಿಲ್ಲ. 1838ರ ಆಗಸ್ಟ್ 1ರಂದು ಪೂರ್ಣ ಬಿಡುಗಡೆಯಾದಾಗ ಆ ರೂಢಿ ಮುರಿಯಿತು. ಸಾಮ್ರಾಜ್ಯದ ಗುಲಾಮರ ಒಡೆಯರಿಗೆಂದು ಬ್ರಿಟನ್ 2 ಕೋಟಿ ಪೌಂಡ್ ಪರಿಹಾರ ಎತ್ತಿಟ್ಟಿತ್ತು. ಬಿಡುಗಡೆಯಾದವರಿಗೆ ಬಿಡಿಗಾಸೂ ಇಲ್ಲ. ಅದರ ಮೇಲೆ, ಅವರೇ ಕಟ್ಟಿದ ಗುಡಿಸಲಿಗೆ, ಅವರೇ ಹಸನು ಮಾಡಿದ ನೆಲಕ್ಕೆ ಧಣಿಗಳು ಬಾಡಿಗೆ ಕೇಳಿದರು. ಕೆಲವು ತೋಟಗಳಲ್ಲಿ ಮನೆಗಿಷ್ಟು ಎಂದಲ್ಲ, ತಲೆಗಿಷ್ಟು ಎಂದು ವಸೂಲಿ. ಕೂಲಿ ಕೈಗೆ ಬರುವ ಮೊದಲೇ ಕರಗಬೇಕು, ಜನ ಮತ್ತೆ ಕಬ್ಬಿನ ಗದ್ದೆಗೇ ಬರಬೇಕು ಎಂಬುದು ಅದರ ಹಿಂದಿನ ಹಂಚಿಕೆ.

ಆದರೆ ಹಾಗೆ ಗದ್ದೆಗೆ ಬರದೆ ಉಳಿದವರು ಬಹಳ ಮಂದಿ. ಜೇಮ್ಸ್ ಫಿಲಿಪ್ಪೋ ಎಂಬ ಬ್ಯಾಪ್ಟಿಸ್ಟ್ ಪಾದ್ರಿ 1835ರಲ್ಲೇ ಬೆಟ್ಟದ ಮೇಲೆ 25 ಎಕರೆ ಕೊಂಡಿಟ್ಟಿದ್ದರು. ಬಿಡುಗಡೆಯ ನಂತರ ಅಲ್ಲಿ ನಿವೇಶನ ಕೊಂಡು ನೆಲೆಸಿದವರಿಂದ ಸ್ಲೈಗೋವಿಲ್ ಎಂಬ ಊರಾಯಿತು.