ಹಡಗಿಗೆ ವಾಪಸ್ ಬರುವ ದಾರಿ

ಎಲ್ಲರಿಗೂ ನಮಸ್ಕಾರ.

ಯುದ್ಧನೌಕೆಗಳ ಇತಿಹಾಸ ಅಂದ ಕೂಡಲೇ ನಮಗೆ ತೋಪುಗಳು ನೆನಪಾಗುತ್ತವೆ. ಯಾರ ತೋಪು ದೊಡ್ಡದು, ಯಾರ ಕವಚ ದಪ್ಪ, ಯಾರು ಯಾರನ್ನು ಮುಳುಗಿಸಿದರು. ನಾನೂ ಬಹಳ ವರ್ಷ ಹಾಗೇ ಓದಿದವನು. ಇವತ್ತು ಬೇರೆ ಒಂದು ಪ್ರಶ್ನೆ ಹಿಡಿದು ಹೋಗೋಣ. ಸಮುದ್ರದ ಮಧ್ಯೆ ಒಂದು ಹಡಗಿನಿಂದ ವಿಮಾನ ಹಾರಿತು. ಅದು ವಾಪಸ್ ಬಂದು ಎಲ್ಲಿ ಇಳಿಯಬೇಕು?

ಹಾರುವುದನ್ನು ಮನುಷ್ಯ ಒಂದೇ ದಿನದಲ್ಲಿ ಸಾಧಿಸಿದ. ಇಳಿಯುವುದನ್ನು ಸರಿಯಾಗಿ ಕಲಿಯಲು ಹತ್ತಿರ ಹತ್ತಿರ ಐವತ್ತು ವರ್ಷ ಹಿಡಿಯಿತು. ನನಗೆ ನೌಕಾ ವಿಮಾನಗಳ ನಿಜವಾದ ಕಥೆ ಇರುವುದು ಅಲ್ಲೇ ಅನ್ನಿಸುತ್ತದೆ.

ಅಮೆರಿಕದ ವರ್ಜೀನಿಯಾದಲ್ಲಿ ಹ್ಯಾಂಪ್ಟನ್ ರೋಡ್ಸ್ ಅಂತ ಒಂದು ಜಾಗ ಇದೆ. ಹೆಸರಲ್ಲಿ ರೋಡ್ ಇದ್ದರೂ ಅದು ನೀರು, ನದಿಗಳು ಸಮುದ್ರ ಸೇರುವ ಕಡೆ. ಅಮೆರಿಕದ ಅಂತರ್ಯುದ್ಧದ ಕಾಲ. 1862ರ ಮಾರ್ಚ್ 8ರಂದು ಅಲ್ಲಿ ದಕ್ಷಿಣದ ಬಂಡಾಯ ರಾಜ್ಯಗಳ ವರ್ಜೀನಿಯಾ ಎಂಬ ಕಬ್ಬಿಣದ ಹೊದಿಕೆಯ ಹಡಗು ಬಂದು ಉತ್ತರದವರ ಎರಡು ಮರದ ಯುದ್ಧನೌಕೆಗಳನ್ನು ನಾಶ ಮಾಡಿತು. ಮರದ ಹಡಗಿನ ತೋಪುಗುಂಡುಗಳು ಅದರ ಮೈಗೆ ಬಡಿದು ಪುಟಿದು ಹೋದವು. ಮರುದಿನ ಉತ್ತರದವರ ಮಾನಿಟರ್ ಎಂಬ ಇನ್ನೊಂದು ಕಬ್ಬಿಣದ ಹಡಗು ಎದುರಾಯಿತು. ಇಬ್ಬರೂ ಗಂಟೆಗಟ್ಟಲೆ ಹೊಡೆದಾಡಿದರು. ಯಾರೂ ಮುಳುಗಲಿಲ್ಲ. ಮರದ ಯುದ್ಧನೌಕೆಯ ಕಾಲ ಆ ಎರಡು ದಿನಗಳಲ್ಲಿ ಮುಗಿಯಿತು.

ಆಮೇಲೆ ಓಟ ಶುರುವಾಯಿತು. ದಪ್ಪ ಕವಚ ಬಂತು, ಅದನ್ನು ತೂರುವ ತೋಪು ಬಂತು, ಇನ್ನೂ ದಪ್ಪ ಕವಚ ಬಂತು. 1906ರಲ್ಲಿ ಬ್ರಿಟನ್ ಡ್ರೆಡ್‌ನಾಟ್ ಕಟ್ಟಿತು. ಹನ್ನೆರಡು ಇಂಚಿನ ಹತ್ತು ತೋಪುಗಳು, ಉಗಿ ಟರ್ಬೈನ್, 21 ನಾಟ್ ವೇಗ, ಅಂದರೆ ಗಂಟೆಗೆ ಸುಮಾರು 39 ಕಿಲೋಮೀಟರ್. ಅದುವರೆಗಿನ ಎಲ್ಲ ಯುದ್ಧನೌಕೆಗಳೂ ಒಮ್ಮೆಗೇ ಹಳೆಯವಾದವು. ಇನ್ನು ಮುಂದೆ ಸಮುದ್ರ ತೋಪಿನದೇ ಅಂತ ಎಲ್ಲರೂ ನಂಬಿದರು.

ಅದಾಗಿ ನಾಲ್ಕೇ ವರ್ಷ. 1910ರ ನವೆಂಬರ್ 14. ಮತ್ತೆ ಅದೇ ಹ್ಯಾಂಪ್ಟನ್ ರೋಡ್ಸ್. ಬರ್ಮಿಂಗ್‌ಹ್ಯಾಮ್ ಎಂಬ ಕ್ರೂಸರ್ ಹಡಗಿನ ಮುಂಭಾಗದಲ್ಲಿ ಹಲಗೆಗಳ ಒಂದು ಇಳಿಜಾರು. ಅದರ ಮೇಲೆ ಕರ್ಟಿಸ್ ವಿಮಾನ. ಅದರಲ್ಲಿ ಯೂಜೀನ್ ಈಲಿ ಎಂಬ ಪೈಲಟ್. ಹಡಗು ನಿಂತೇ ಇತ್ತು. ಈಲಿ ಹಲಗೆಯ ತುದಿ ದಾಟಿದ ಕೂಡಲೇ ವಿಮಾನ ಕೆಳಗೆ ಜಾರಿತು. ಚಕ್ರಗಳು ನೀರಿಗೆ ತಾಗಿದವು. ಪ್ರೊಪೆಲರ್‌ನ ತುದಿ ನೀರಿಗೆ ಬಡಿದು ಸೀಳಿತು. ಆದರೂ ವಿಮಾನ ಮೇಲೆದ್ದಿತು. ಕೆಲವು ನಿಮಿಷ ಹಾರಿ ಹತ್ತಿರದ ಮರಳ ದಂಡೆಯ ಮೇಲೆ ಇಳಿಯಿತು.

ಗಮನಿಸಿದಿರಾ? ಇಳಿದದ್ದು ದಂಡೆಯ ಮೇಲೆ. ಹಡಗಿಗೆ ವಾಪಸ್ ಬರುವ ಮಾತೇ ಆ ದಿನ ಇರಲಿಲ್ಲ.

ಅದಕ್ಕೆ ಎರಡು ತಿಂಗಳು ಬೇಕಾಯಿತು. 1911ರ ಜನವರಿ 18ರಂದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾ ಎಂಬ ಹಡಗು ಲಂಗರು ಹಾಕಿ ನಿಂತಿತ್ತು. ಅದರ ಹಿಂಭಾಗದಲ್ಲಿ ಮರದ ಅಟ್ಟ ಕಟ್ಟಿದ್ದರು. ಅಟ್ಟದ ಮೇಲೆ ಅಡ್ಡಡ್ಡಲಾಗಿ 22 ಹಗ್ಗಗಳು. ಪ್ರತಿ ಹಗ್ಗದ ಎರಡೂ ತುದಿಗೆ ಮರಳಿನ ಚೀಲ. ವಿಮಾನದ ಕೆಳಗೆ ಕೊಕ್ಕೆಗಳು. ಈಲಿ ಎದೆಗೆ ಗಾಳಿ ತುಂಬಿದ ಸೈಕಲ್ ಟ್ಯೂಬ್ ಸುತ್ತಿಕೊಂಡಿದ್ದ. ನೀರಿಗೆ ಬಿದ್ದರೆ ತೇಲಬೇಕಲ್ವಾ? ವಿಮಾನ ಬಂದು ಅಟ್ಟಕ್ಕೆ ತಾಗಿತು, ಕೊಕ್ಕೆ ಹಗ್ಗ ಹಿಡಿಯಿತು, ಚೀಲಗಳು ಎಳೆದುಕೊಂಡು ಬಂದವು, ವಿಮಾನ ನಿಂತಿತು. ಹಡಗಿನಲ್ಲಿ ಊಟ ಮಾಡಿಕೊಂಡು ಈಲಿ ಮತ್ತೆ ಹಾರಿ ಹೋದ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಒಂದು ಪ್ರದರ್ಶನದಲ್ಲಿ ವಿಮಾನ ಬಿದ್ದು ತೀರಿಕೊಂಡ. ಕೊಕ್ಕೆ ಮತ್ತು ಅಡ್ಡ ಹಗ್ಗ ಇವತ್ತಿಗೂ ಉಳಿದಿವೆ. ಹಗ್ಗದ ಬದಲು ಉಕ್ಕಿನ ತಂತಿ ಬಂದಿದೆ, ಅಷ್ಟೇ.

ಈಗ ನನಗೆ ತುಂಬ ಇಷ್ಟವಾದ ಹಡಗಿಗೆ ಬರೋಣ. ಅದು ಬ್ರಿಟನ್ನಿನ ಫ್ಯೂರಿಯಸ್.

ಅದನ್ನು ಕಟ್ಟಲು ಹೊರಟದ್ದು ತೋಪಿನ ಹಡಗಾಗಿ. ಹಿಂದೊಂದು ಮುಂದೊಂದು, ಹದಿನೆಂಟು ಇಂಚಿನ ಎರಡು ಭಾರೀ ತೋಪುಗಳು ಬರಬೇಕಿತ್ತು. ಕಟ್ಟುತ್ತಿರುವಾಗಲೇ ಮನಸ್ಸು ಬದಲಾಯಿತು. ಮುಂದಿನ ತೋಪು ಬೇಡ, ಅಲ್ಲಿ ವಿಮಾನ ಹಾರಿಸುವ ಡೆಕ್ ಇರಲಿ ಅಂದರು. ಹಿಂದಿನ ತೋಪು ಮಾತ್ರ ಹಾಗೇ ಉಳಿಯಿತು. ಹಾಗಾಗಿ 1917ರಲ್ಲಿ ಹಡಗಿನ ಮುಂದಿನ ಅರ್ಧ ಹೊಸ ಕಾಲ, ಹಿಂದಿನ ಅರ್ಧ ಹಳೆಯ ಕಾಲ. ನಡುವೆ ಹೊಗೆಕೊಳವೆ, ಕಂಬ, ಹಡಗು ನಡೆಸುವ ಕೋಣೆ.

ಮುಂದಿನ ಡೆಕ್ ಹಾರಲಿಕ್ಕೆ ಮಾತ್ರ. ಇಳಿಯುವ ಜಾಗ ಅಲ್ಲ ಅದು. ಹಾರಿದವರು ನೀರಲ್ಲಿ ಇಳಿಯಬೇಕಿತ್ತು. ಎಡ್ವಿನ್ ಡನ್ನಿಂಗ್ ಎಂಬ 25 ವರ್ಷದ ಪೈಲಟ್‌ಗೆ ಇದು ಸರಿ ಕಾಣಲಿಲ್ಲ. ಅವನು ಲೆಕ್ಕ ಹಾಕಿದ. ಹಡಗು ಜೋರಾಗಿ ಗಾಳಿಗೆ ಎದುರಾಗಿ ಹೋದರೆ, ಹಡಗಿನ ವೇಗ ಮತ್ತು ಗಾಳಿಯ ವೇಗ ಸೇರಿ, ನಿಧಾನ ಹಾರುವ ಸಾಪ್‌ವಿತ್ ಪಪ್ ವಿಮಾನದ ವೇಗಕ್ಕೆ ಹತ್ತಿರ ಬರುತ್ತದೆ. ಅಂದರೆ ಹಡಗಿನ ಮೇಲಿಂದ ನೋಡುವವರಿಗೆ ವಿಮಾನ ಗಾಳಿಯಲ್ಲಿ ನಿಂತ ಹಾಗೇ ಕಾಣುತ್ತದೆ.

1917ರ ಆಗಸ್ಟ್ 2, ಸ್ಕಾಟ್ಲೆಂಡಿನ ಉತ್ತರದ ಸ್ಕಾಪಾ ಫ್ಲೋ. ಡನ್ನಿಂಗ್ ಹಿಂದಿನಿಂದ ಬಂದ. ಹಡಗಿನ ಪಕ್ಕದಲ್ಲೇ ಸಾಗಿ, ನಡುವಿನ ಕಟ್ಟಡ ದಾಟಿ, ವಿಮಾನವನ್ನು ಅಡ್ಡ ಸರಿಸಿ ಮುಂದಿನ ಡೆಕ್ ಮೇಲೆ ತಂದ. ಅಲ್ಲಿ ಕಾದಿದ್ದ ಅಧಿಕಾರಿಗಳು ಓಡಿ ಬಂದು ರೆಕ್ಕೆಯ ಪಟ್ಟಿಗಳನ್ನು ಕೈಯಲ್ಲಿ ಹಿಡಿದು ಕೆಳಗೆಳೆದರು. ಚಲಿಸುವ ಹಡಗಿನ ಮೇಲೆ ವಿಮಾನ ಇಳಿದದ್ದು ಜಗತ್ತಿನಲ್ಲಿ ಅದೇ ಮೊದಲು. ಬ್ರೇಕ್ ಇಲ್ಲ, ತಂತಿ ಇಲ್ಲ. ಮನುಷ್ಯರ ಕೈಗಳೇ ಬ್ರೇಕ್.

ಐದು ದಿನ ಬಿಟ್ಟು, ಆಗಸ್ಟ್ 7ರಂದು, ಮತ್ತೆ ಇಳಿದ. ಅದೂ ಆಯಿತು. ಅದೇ ದಿನ ಮತ್ತೊಮ್ಮೆ ಪ್ರಯತ್ನಿಸಿದ. ಮೂರನೇ ಸಲ ವಿಮಾನ ಡೆಕ್‌ನ ಅಂಚು ದಾಟಿ ಸಮುದ್ರಕ್ಕೆ ಬಿತ್ತು. ಪೆಟ್ಟಿಗೆ ಪ್ರಜ್ಞೆ ತಪ್ಪಿದ ಡನ್ನಿಂಗ್ ನೀರಲ್ಲೇ ತೀರಿಕೊಂಡ. ಹಿಡಿಯಲು ನಿಂತ ಆ ಕೈಗಳ ಬಗ್ಗೆ ನಾನು ಆಗಾಗ ಯೋಚಿಸುತ್ತೇನೆ. ಎರಡು ಸಲ ಹಿಡಿದವು, ಮೂರನೇ ಸಲ ಎಟುಕಲಿಲ್ಲ.

ಆಮೇಲೆ ಹಿಂದಿನ ತೋಪನ್ನೂ ತೆಗೆದು ಅಲ್ಲಿ ಇಳಿಯುವ ಡೆಕ್ ಮಾಡಿದರು. ಆದರೂ ನಡುವಿನ ಕಟ್ಟಡ ಇದ್ದೇ ಇತ್ತು. ಹೊಗೆಕೊಳವೆಯ ಬಿಸಿ ಗಾಳಿ, ಕಟ್ಟಡದ ಹಿಂದಿನ ಸುಳಿ, ಇವೆರಡೂ ಸೇರಿ ಇಳಿಯುವವರನ್ನು ಎತ್ತಿ ಒಗೆಯುತ್ತಿದ್ದವು. 1918ರ ಜುಲೈ 19ರಂದು ಇದೇ ಫ್ಯೂರಿಯಸ್‌ನಿಂದ ಏಳು ಕ್ಯಾಮೆಲ್ ವಿಮಾನಗಳು ಹಾರಿ, ಟೋಂಡರ್ನ್‌ನಲ್ಲಿದ್ದ ಜರ್ಮನಿಯ ಎರಡು ಜೆಪೆಲಿನ್ ವಾಯುನೌಕೆಗಳನ್ನು ಸುಟ್ಟವು. ಹಡಗಿನ ಡೆಕ್‌ನಿಂದ ಹೊರಟ ದೊಡ್ಡ ದಾಳಿ ಅದೇ ಮೊದಲು. ಹೊರಡುವಾಗಲೇ ಅವರಿಗೆ ಗೊತ್ತಿತ್ತು, ಡೆಕ್ ಮೇಲೆ ವಾಪಸ್ ಇಳಿಯಲು ಆಗುವುದಿಲ್ಲ ಅಂತ. ಮೂವರು ಡೆನ್ಮಾರ್ಕ್‌ನಲ್ಲಿ ಇಳಿದರು. ಕೆಲವರು ಹಡಗುಗಳ ಪಕ್ಕದಲ್ಲಿ ನೀರಿಗೆ ಇಳಿಸಿ ಪಾರಾದರು. ಒಬ್ಬ ಮುಳುಗಿಹೋದ.

ಉತ್ತರ ಕೊನೆಗೆ ಸುಲಭವಾಗಿತ್ತು. ನಡುವಿನದೆಲ್ಲ ತೆಗೆದುಬಿಡಿ! 1918ರಲ್ಲೇ ಬಂದ ಆರ್ಗಸ್ ಹಡಗಿನ ಮೇಲ್ಭಾಗ ಮೊದಲಿಂದ ಕೊನೆಯವರೆಗೆ ಮಟ್ಟಸ. ಆಮೇಲೆ ಹಡಗು ನಡೆಸುವ ಕೋಣೆ ಮತ್ತು ಹೊಗೆಕೊಳವೆಯನ್ನು ಒಂದು ಪಕ್ಕಕ್ಕೆ ಸರಿಸಿದರು. ಸಾಮಾನ್ಯವಾಗಿ ಬಲಕ್ಕೆ, ಯಾಕೆಂದರೆ ತೊಂದರೆಯಾದಾಗ ಪೈಲಟ್‌ಗಳು ಎಡಕ್ಕೆ ತಿರುಗುವುದೇ ಜಾಸ್ತಿ. ಜಪಾನಿನ ಅಕಾಗಿ ಮತ್ತು ಹಿರ್ಯು ಮಾತ್ರ ಎಡಕ್ಕೆ ಇಟ್ಟುಕೊಂಡವು. 1922ರ ವಾಷಿಂಗ್ಟನ್ ಒಪ್ಪಂದ ದೊಡ್ಡ ತೋಪಿನ ಹಡಗುಗಳಿಗೆ ಮಿತಿ ಹಾಕಿತು. ಅರ್ಧ ಕಟ್ಟಿದ ಹಡಗುಗಳನ್ನು ಅಮೆರಿಕ ಮತ್ತು ಜಪಾನ್ ವಿಮಾನವಾಹಕಗಳಾಗಿ ಬದಲಿಸಿಕೊಂಡವು. ಲೆಕ್ಸಿಂಗ್ಟನ್, ಸಾರಟೋಗ, ಅಕಾಗಿ, ಕಾಗಾ ಹುಟ್ಟಿದ್ದು ಹಾಗೆ. ತೋಪನ್ನು ಕಟ್ಟಿಹಾಕಲು ಮಾಡಿದ ಒಪ್ಪಂದವೇ ಅದರ ಎದುರಾಳಿಯನ್ನು ಬೆಳೆಸಿತು.

ಎರಡನೇ ಮಹಾಯುದ್ಧದ ಕಥೆ ನಿಮಗೆ ಗೊತ್ತಿರುವುದೇ. 1940ರ ನವೆಂಬರ್‌ನಲ್ಲಿ ಬ್ರಿಟನ್ನಿನ ಇಲಸ್ಟ್ರಿಯಸ್‌ನಿಂದ ಹೊರಟ 21 ಸ್ವಾರ್ಡ್‌ಫಿಶ್ ವಿಮಾನಗಳು ಟರಾಂಟೊ ಬಂದರಿನಲ್ಲಿ ಇಟಲಿಯ ಮೂರು ಯುದ್ಧನೌಕೆಗಳಿಗೆ ಹೊಡೆದವು. ಕಳೆದುಕೊಂಡದ್ದು ಎರಡೇ ವಿಮಾನ. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್. ಮೂರು ದಿನದ ನಂತರ ಬ್ರಿಟನ್ನಿನ ಪ್ರಿನ್ಸ್ ಆಫ್ ವೇಲ್ಸ್ ಮತ್ತು ರಿಪಲ್ಸ್ ಎಂಬ ಯುದ್ಧನೌಕೆಗಳು ತೆರೆದ ಸಮುದ್ರದಲ್ಲಿ ಬರೀ ವಿಮಾನಗಳಿಂದ ಮುಳುಗಿದವು. 1942ರ ಜೂನ್‌ನಲ್ಲಿ ಮಿಡ್‌ವೇ, ಜಪಾನಿನ ನಾಲ್ಕು ವಿಮಾನವಾಹಕಗಳು ನಾಶ. ಇವುಗಳ ಬಗ್ಗೆ ಸಾಕಷ್ಟು ಕೇಳಿದ್ದೀರಿ. ನೀವು ಕಡಿಮೆ ಕೇಳಿರುವ ಮೂರು ಸಂಗತಿ ಹೇಳುತ್ತೇನೆ.

1940ರ ಜೂನ್, ನಾರ್ವೆ. ಬ್ರಿಟಿಷರು ಅಲ್ಲಿಂದ ಹಿಂದೆ ಸರಿಯುತ್ತಿದ್ದರು. ವಾಯುಪಡೆಯ ಹತ್ತು ಹರಿಕೇನ್ ವಿಮಾನಗಳನ್ನು ಸುಟ್ಟು ಹೋಗಬೇಕಿತ್ತು. ಪೈಲಟ್‌ಗಳು ಒಪ್ಪಲಿಲ್ಲ. ಗ್ಲೋರಿಯಸ್ ಎಂಬ ವಿಮಾನವಾಹಕದ ಮೇಲೆ ಇಳಿಸುತ್ತೇವೆ ಅಂದರು. ವಿಮಾನಕ್ಕೆ ಕೊಕ್ಕೆ ಇಲ್ಲ, ಅವರಿಗೆ ಅಭ್ಯಾಸ ಇಲ್ಲ. ಜೋರಾಗಿ ಬ್ರೇಕ್ ಹಾಕಿದರೆ ಮೂತಿ ನೆಲಕ್ಕೆ ಬೀಳುತ್ತದೆ. ಅದಕ್ಕೆ ಬಾಲದಲ್ಲಿ ಮರಳಿನ ಚೀಲ ಕಟ್ಟಿದರು. ಈಲಿಯ ಮರಳಿನ ಚೀಲ ಮತ್ತೆ ಬಂತು ನೋಡಿ. ಹತ್ತೂ ವಿಮಾನಗಳು ಸರಿಯಾಗಿ ಇಳಿದವು. ಆದರೆ ಜೂನ್ 8ರ ಮಧ್ಯಾಹ್ನ ಜರ್ಮನಿಯ ಶಾರ್ನ್‌ಹಾರ್ಸ್ಟ್ ಮತ್ತು ಗ್ನೈಸನೌ ಎಂಬ ಯುದ್ಧನೌಕೆಗಳು ಎದುರಾದವು. ಗ್ಲೋರಿಯಸ್‌ನ ಒಂದು ವಿಮಾನವೂ ಆಗ ಆಕಾಶದಲ್ಲಿ ಇರಲಿಲ್ಲ. ತೋಪುಗಳು ಅದನ್ನು ಮುಳುಗಿಸಿದವು. ಜೊತೆಗಿದ್ದ ಎರಡು ಡಿಸ್ಟ್ರಾಯರ್‌ಗಳೂ ಮುಳುಗಿದವು. ಒಟ್ಟು 1500ಕ್ಕೂ ಹೆಚ್ಚು ಜನ ಸತ್ತರು. ಅಷ್ಟು ಕಷ್ಟಪಟ್ಟು ಇಳಿದವರಲ್ಲಿ ಬಹುಪಾಲು ಮಂದಿಯೂ ಅದರಲ್ಲಿ ಹೋದರು.

ಎರಡನೆಯದು 1942ರ ಮೇ 7, ಕೋರಲ್ ಸಮುದ್ರ. ಎರಡೂ ಕಡೆಯ ಹಡಗುಗಳು ಒಂದನ್ನೊಂದು ಕಣ್ಣಾರೆ ನೋಡದೆ ಹೋರಾಡಿದ ಮೊದಲ ಯುದ್ಧ. ಅವತ್ತು ಸಂಜೆ ಕತ್ತಲಾಗುವಾಗ ಕೆಲವು ಜಪಾನಿ ವಿಮಾನಗಳು ಒಂದು ವಿಮಾನವಾಹಕವನ್ನು ಕಂಡು, ದೀಪದ ಸಂಕೇತ ಕೊಡುತ್ತಾ, ಇಳಿಯಲು ಸಾಲುಗಟ್ಟಿದವು. ಅದು ಅಮೆರಿಕದ ಯಾರ್ಕ್‌ಟೌನ್ ಆಗಿತ್ತು. ಗುಂಡು ಹಾರಿದಾಗಲೇ ತಪ್ಪು ಗೊತ್ತಾದದ್ದು. ಇಂಧನ ಮುಗಿಯುತ್ತಿರುವ ಪೈಲಟ್‌ನ ಕಣ್ಣಿಗೆ ಯಾವ ಡೆಕ್ ಆದರೂ ಮನೆಯಂತೆ ಕಾಣುತ್ತದೆ.

ಮೂರನೆಯದು 1944ರ ಜೂನ್ 20, ಫಿಲಿಪೀನ್ ಸಮುದ್ರ. ಮಧ್ಯಾಹ್ನ ಕಳೆದ ಮೇಲೆ ಜಪಾನಿನ ನೌಕಾಪಡೆ ಕಣ್ಣಿಗೆ ಬಿತ್ತು, ತುಂಬಾ ದೂರದಲ್ಲಿ. ಅಡ್ಮಿರಲ್ ಮಾರ್ಕ್ ಮಿಷರ್ 200ಕ್ಕೂ ಹೆಚ್ಚು ವಿಮಾನಗಳನ್ನು ಕಳಿಸಿದರು. ವಾಪಸ್ ಬರುವಾಗ ಕಗ್ಗತ್ತಲಾಗುತ್ತದೆ ಅಂತ ಗೊತ್ತಿತ್ತು. ಹೆಚ್ಚಿನವರಿಗೆ ರಾತ್ರಿ ಡೆಕ್ ಮೇಲೆ ಇಳಿದ ಅಭ್ಯಾಸ ಇರಲಿಲ್ಲ. ರೇಡಿಯೊದಲ್ಲಿ ಒಬ್ಬೊಬ್ಬರಾಗಿ ಇಂಧನ ಮುಗಿಯಿತು ಅನ್ನತೊಡಗಿದರು. ಯುದ್ಧದ ಸಮುದ್ರದಲ್ಲಿ ರಾತ್ರಿ ದೀಪ ಹಚ್ಚಿದರೆ ಶತ್ರುವಿನ ಜಲಾಂತರ್ಗಾಮಿಗೆ ದಾರಿ ತೋರಿಸಿದ ಹಾಗೆ. ಮಿಷರ್ ದೀಪ ಹಚ್ಚಿ ಅಂದರು. ಸರ್ಚ್‌ಲೈಟ್‌ಗಳು ಆಕಾಶಕ್ಕೆ ಚಾಚಿದವು. ಬೆಳಕಿನ ಗುಂಡುಗಳು ಹಾರಿದವು. ಯಾವ ಹಡಗು ಸಿಕ್ಕರೆ ಅಲ್ಲಿ ಇಳಿಯಿರಿ ಎಂಬ ಆದೇಶ ಹೋಯಿತು. ಆದರೂ ಸುಮಾರು 80 ವಿಮಾನಗಳು ನೀರಿಗೆ ಬಿದ್ದವು ಅಥವಾ ಡೆಕ್ ಮೇಲೆ ಒಡೆದವು. ಆ ರಾತ್ರಿ ಮತ್ತು ಮುಂದಿನ ದಿನಗಳಲ್ಲಿ ಅವರಲ್ಲಿ ಬಹುಪಾಲು ಜನರನ್ನು ನೀರಿನಿಂದ ಎತ್ತಿದರು. ಆ ಯುದ್ಧದಲ್ಲಿ ಬೇರೆ ಯಾವ ಆದೇಶಕ್ಕಿಂತ ನನಗೆ ಇದು ದೊಡ್ಡದು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ಬಂತು. ಜಪಾನ್ ವಾಪಸ್ ಬರುವ ಪ್ರಶ್ನೆಯನ್ನೇ ತೆಗೆದುಹಾಕಿತು. ಕಾಮಿಕಾಜೆ ಪೈಲಟ್‌ಗಳು ವಿಮಾನದ ಜೊತೆ ತಾವೇ ಹಡಗಿಗೆ ಅಪ್ಪಳಿಸಿದರು. ಅಕ್ಟೋಬರ್ 25ರಂದು ಸೇಂಟ್ ಲೋ ಎಂಬ ಅಮೆರಿಕದ ಸಣ್ಣ ವಿಮಾನವಾಹಕ ಹಾಗೆ ಮುಳುಗಿತು. 1945ರ ಏಪ್ರಿಲ್‌ನಲ್ಲಿ ಜಪಾನಿನ ಯಮಾಟೊ ಎಂಬ ಯುದ್ಧನೌಕೆ ಕೂಡ ವಾಪಸ್ ಬರುವ ನಿರೀಕ್ಷೆ ಇಲ್ಲದೆ ಒಕಿನಾವಾ ಕಡೆ ಹೊರಟಿತು. ಅದರ ಜೋಡಿ ಹಡಗು ಮುಸಾಶಿಯನ್ನು ಬಿಟ್ಟರೆ ಅಷ್ಟು ದೊಡ್ಡ ತೋಪು ಇನ್ನಾವ ಯುದ್ಧನೌಕೆಗೂ ಇರಲಿಲ್ಲ. 46 ಸೆಂಟಿಮೀಟರ್ ಬಾಯಿ, 42 ಕಿಲೋಮೀಟರ್ ದೂರ. ವಿಮಾನಗಳು ಬಂದದ್ದು ಅದಕ್ಕಿಂತ ಎಷ್ಟೋ ದೂರದಿಂದ. ಏಪ್ರಿಲ್ 7ರಂದು ಅದು ಮುಳುಗಿದಾಗ ಸುಮಾರು 3000 ಜನ ಸತ್ತರು.

ಯುದ್ಧ ಮುಗಿದರೂ ನಮ್ಮ ಪ್ರಶ್ನೆ ಮುಗಿಯಲಿಲ್ಲ. ಇನ್ನೂ ಕಷ್ಟವಾಯಿತು. 1945ರ ಡಿಸೆಂಬರ್ 3ರಂದು ಎರಿಕ್ ಬ್ರೌನ್ ಎಂಬ ಬ್ರಿಟಿಷ್ ಪೈಲಟ್ ಓಷನ್ ಹಡಗಿನ ಮೇಲೆ ಜೆಟ್ ವಿಮಾನ ಇಳಿಸಿದರು. ಜೆಟ್ ಭಾರ ಜಾಸ್ತಿ, ವೇಗ ಜಾಸ್ತಿ. ಆ ಕಾಲದ ಜೆಟ್ ಎಂಜಿನ್‌ಗೆ ಥ್ರಾಟಲ್ ಕೊಟ್ಟ ಕೂಡಲೇ ಶಕ್ತಿ ಬರುತ್ತಿರಲಿಲ್ಲ. ಹಳೆಯ ನೇರ ಡೆಕ್ ಮೇಲೆ ಕೊಕ್ಕೆ ತಂತಿಯನ್ನು ತಪ್ಪಿದರೆ, ಮುಂದೆ ಇರುವುದು ತಡೆಬಲೆ, ಅದರಾಚೆ ಸಾಲಾಗಿ ನಿಲ್ಲಿಸಿದ ವಿಮಾನಗಳು ಮತ್ತು ಜನ.

ಪರಿಹಾರ ಡೆನಿಸ್ ಕ್ಯಾಂಬೆಲ್ ಎಂಬ ಅಧಿಕಾರಿಯದು. ಇಳಿಯುವ ದಾರಿಯನ್ನು ಸ್ವಲ್ಪ ಎಡಕ್ಕೆ ಓರೆ ಮಾಡಿ, ಸಾಕು. ತಂತಿ ತಪ್ಪಿದರೆ ಮುಂದೆ ಏನೂ ಇಲ್ಲ, ಬರೀ ಆಕಾಶ. ಮತ್ತೆ ಹಾರಿ, ಸುತ್ತಿ ಬರಬಹುದು. 1952ರಲ್ಲಿ ಟ್ರಯಂಫ್ ಹಡಗಿನ ಡೆಕ್ ಮೇಲೆ ಸುಮ್ನೆ ಓರೆ ಗೆರೆ ಬಳಿದು ಪರೀಕ್ಷಿಸಿದರು. ಇವತ್ತಿಗೂ ಇಂಥ ಡೆಕ್‌ಗೆ ಚಕ್ರ ತಾಗಿದ ಕ್ಷಣ ಪೈಲಟ್ ಎಂಜಿನ್‌ಗೆ ಪೂರ್ತಿ ಶಕ್ತಿ ಕೊಡುತ್ತಾನೆ. ನಿಲ್ಲಬೇಕಾದ ಹೊತ್ತಲ್ಲಿ ಹಾರಲು ಸಿದ್ಧನಾಗುತ್ತಾನೆ. ಕೊಕ್ಕೆ ಹಿಡಿದರೆ ಸುಮಾರು ನೂರು ಮೀಟರ್‌ನಲ್ಲಿ ನಿಲ್ಲುತ್ತಾನೆ.

ಇನ್ನೊಬ್ಬ ಬ್ರಿಟಿಷ್ ಅಧಿಕಾರಿ ನಿಕೊಲಸ್ ಗುಡ್‌ಹಾರ್ಟ್. ಅದುವರೆಗೆ ಡೆಕ್ ಅಂಚಿನಲ್ಲಿ ಒಬ್ಬರು ಎರಡು ಬ್ಯಾಟ್ ಹಿಡಿದು ಮೇಲೆ, ಕೆಳಗೆ ಅಂತ ಸನ್ನೆ ಮಾಡುತ್ತಿದ್ದರು. ಜೆಟ್ ವೇಗಕ್ಕೆ ಆ ಸನ್ನೆ ಸಾಲದು. ಗುಡ್‌ಹಾರ್ಟ್ ಮೇಜಿನ ಮೇಲೆ ಒಂದು ಕೈಗನ್ನಡಿ ಇಟ್ಟು, ಅದರ ಮೇಲೆ ಲಿಪ್‌ಸ್ಟಿಕ್‌ನಿಂದ ಗೆರೆ ಎಳೆದು, ಟಾರ್ಚ್ ಬೆಳಕು ಬಿಟ್ಟು ತೋರಿಸಿದರು. ಬೆಳಕಿನ ಚುಕ್ಕೆ ಗೆರೆಯ ಮೇಲೇ ಇರುವಂತೆ ನಡೆದು ಬಂದರೆ ನೀವು ಸರಿಯಾದ ಇಳಿಜಾರಿನಲ್ಲಿ ಬರುತ್ತೀರಿ. ಹಡಗಿನ ಮೇಲೆ ಅದೇ ದೊಡ್ಡ ಕನ್ನಡಿಯಾಯಿತು, ಆಮೇಲೆ ದೀಪಗಳ ಸಾಲಾಯಿತು. ಜೊತೆಗೆ ಕಾಲಿನ್ ಮಿಚೆಲ್ ಅವರ ಉಗಿ ಕ್ಯಾಟಪಲ್ಟ್, ಅಂದರೆ ಉಗಿಯ ಬಲದಿಂದ ವಿಮಾನವನ್ನು ಮುಂದಕ್ಕೆ ಎಸೆಯುವ ಯಂತ್ರ, ಭಾರದ ಜೆಟ್‌ಗಳನ್ನು ಹಾರಿಸಿತು. ಆದರೆ ನನ್ನ ಲೆಕ್ಕದಲ್ಲಿ ಆ ಓರೆ ಗೆರೆ ಮತ್ತು ಕನ್ನಡಿ ಉಳಿಸಿದಷ್ಟು ಜೀವ ಯಾವ ಕವಚವೂ ಉಳಿಸಿಲ್ಲ.

ಕೊನೆಯದಾಗಿ 2013ರ ಜುಲೈ 10. ಮತ್ತೆ ವರ್ಜೀನಿಯಾ ತೀರ, ಈಲಿ ಹಾರಿದ ಅದೇ ಕಡೆಯ ಸಮುದ್ರ. ಜಾರ್ಜ್ ಎಚ್. ಡಬ್ಲ್ಯೂ. ಬುಷ್ ಎಂಬ ವಿಮಾನವಾಹಕದ ಮೇಲೆ ಎಕ್ಸ್-47ಬಿ ಎಂಬ ವಿಮಾನ ಬಂದಿಳಿಯಿತು. ಒಳಗೆ ಪೈಲಟ್ ಇರಲಿಲ್ಲ. ಕೊಕ್ಕೆ ತಂತಿ ಹಿಡಿಯಿತು. ಎರಡನೇ ಸಲವೂ ಇಳಿಯಿತು. ಮೂರನೇ ಸಲ ಬರುವಾಗ ಅದರ ಒಂದು ಕಂಪ್ಯೂಟರ್‌ನಲ್ಲಿ ದೋಷ ಕಂಡಿತು. ವಿಮಾನ ಇಳಿಯಲಿಲ್ಲ. ಹಡಗನ್ನು ಬಿಟ್ಟು ತಿರುಗಿ, ದಡದ ವಾಲಪ್ಸ್ ದ್ವೀಪದ ರನ್‌ವೇ ಮೇಲೆ ಹೋಗಿ ಇಳಿಯಿತು.