ಅಡ್ಡಗಾಲು ಹಾಕಿದ ಮೇಲೂ ನಿಂತಿರಬೇಕಲ್ಲ

ಹತ್ತು ವರ್ಷದ ಹುಡುಗಿ. ಎರಡು ಜಡೆ, ಬೋರ್ಡಿನ ಪಕ್ಕ ಅರ್ಧ ತಿಂದ ಬಿಸ್ಕತ್ ಪೊಟ್ಟಣ. ಭಾನುವಾರದ ಒಂದು ರ‍್ಯಾಪಿಡ್ ಚೆಸ್ ಟೂರ್ನಮೆಂಟು, ಮೂರನೇ ರೌಂಡು, ನನಗೆ ಕಪ್ಪು. ಅವಳು ಇ4, ನಾನು ಇ5 (ಇವೆಲ್ಲ ಬೋರ್ಡಿನ ಮನೆಗಳ ಹೆಸರು). ಅವಳ ಕುದುರೆ ಎಫ್3ಗೆ ಬಂತು, ನನ್ನ ಕುದುರೆ ಎಫ್6ಗೆ. ಅವಳು ನನ್ನ ಇ5 ಪಾನ್ (ಕಾಲಾಳು) ಹೊಡೆದಳು. ನಾನು ಒಳಗೊಳಗೇ ನಗುತ್ತಾ ಇನ್ನೊಂದು ಕುದುರೆಯನ್ನ ಸಿ6ಗೆ ಇಟ್ಟೆ. ಸ್ಟಾಫರ್ಡ್ ಗ್ಯಾಂಬಿಟ್. ಗ್ಯಾಂಬಿಟ್ ಅಂದ್ರೆ ಆಟದ ಶುರುವಿನಲ್ಲೇ ಪಾನ್ ಬಿಟ್ಟುಕೊಟ್ಟು ಬದಲಿಗೆ ದಾಳಿಯನ್ನೋ ಜಾಗವನ್ನೋ ಪಡೆಯೋದು.

ಗೊತ್ತಿಲ್ಲದವರಿಗೆ ಹೇಳ್ತೀನಿ. ಇದರಲ್ಲಿ ಒಂದು ಬಲೆ ಇದೆ, ನೋಡಿದರೆ ಬಾಯಲ್ಲಿ ನೀರೂರುತ್ತೆ. ಕುದುರೆ ಕುದುರೆ ಹೊಡೆದಾಡಿಕೊಂಡ ಮೇಲೆ ಬಿಳಿ ಡಿ3 ಆಡುತ್ತೆ, ನನ್ನ ಬಿಷಪ್ ಸಿ5ಗೆ ಬರುತ್ತೆ. ಆಗ ಬಿಳಿಯವರು ಸಹಜವಾಗಿ ಬಿಷಪ್ಪನ್ನ ಜಿ5ಗೆ ತಂದು ನನ್ನ ಕುದುರೆಯನ್ನ ಪಿನ್ ಮಾಡಿದರು, ಅಂದ್ರೆ ಅದು ಕದಲಿದರೆ ಹಿಂದಿರೋ ಕ್ವೀನ್ ಹೋಗೋ ಹಾಗೆ ಕಟ್ಟಿಹಾಕಿದರು ಅನ್ಕೊಳ್ಳಿ. ಆ ಕುದುರೆ ಹಾರಿ ಇ4 ಪಾನ್ ತಿನ್ನುತ್ತೆ. ಅವರು ಖುಷಿಯಿಂದ ನನ್ನ ಕ್ವೀನ್ ಹೊಡೀತಾರೆ. ಎಫ್2ಗೆ ಬಿಷಪ್, ಚೆಕ್. ರಾಜ ಇ2ಗೆ. ಜಿ4ಗೆ ಇನ್ನೊಂದು ಬಿಷಪ್, ಮೇಟ್. ಕ್ವೀನ್ ಕೈಲಿಟ್ಟುಕೊಂಡೇ ಮೇಟ್ ಆಗಿರ್ತಾರೆ! ಆನ್‌ಲೈನ್‌ನಲ್ಲಿ ರಾತ್ರಿ ಹನ್ನೊಂದರ ಮೇಲೆ ಇದರಿಂದ ನಾನು ಗೆದ್ದಿರೋ ಗೇಮ್‌ಗಳನ್ನ ನನ್ನ ಹೆಂಡತಿಗೂ ತೋರಿಸಿದ್ದೀನಿ. ಅವಳಿಗೆ ಚೆಸ್ ಬರಲ್ಲ, ಪಾಪ.

ಈ ಹುಡುಗಿ ಏನು ಮಾಡಿದಳು? ಬಿಷಪ್ಪನ್ನ ಇ2ರಲ್ಲಿ ಇಟ್ಟಳು. ಆಮೇಲೆ ಸಿ3. ಆಮೇಲೆ ಡಿ4. ಇಷ್ಟಾದ ಮೇಲೆ ಎದ್ದು ಹೋಗಿ ಗೆಳತಿಯ ಬೋರ್ಡ್ ನೋಡ್ತಾ ನಿಂತಳು. ನಾನು ಪಾನ್ ಕಳಕೊಂಡು, ದಾಳಿಯೂ ಇಲ್ಲದೆ, ಪೂರ್ತಿ ಆಟ ಮಣ್ಣು ಹೊತ್ತೆ. ಮುಗಿದ ಮೇಲೆ ಅಂದಳು: "ಅಂಕಲ್, ಇದು ನಮ್ಮ ಕ್ಲಾಸಲ್ಲಿ ಎಲ್ರಿಗೂ ಗೊತ್ತು."

ಎಲ್ರಿಗೂ ಗೊತ್ತು. ಬದಲಾಗಿರೋದು ಇದೇ ನೋಡಿ. ಮುಂಚೆ ಒಂದು ಗ್ಯಾಂಬಿಟ್ಟಿನ ಗುಟ್ಟು ಯಾವುದೋ ವಿದೇಶಿ ಪುಸ್ತಕದಲ್ಲಿ, ಯಾರದೋ ಬೀರುವಿನಲ್ಲಿ ಇರ್ತಿತ್ತು. ಈಗ ಸ್ಟಾಕ್‌ಫಿಶ್ ಅನ್ನೋ ಚೆಸ್ ಎಂಜಿನ್ (ಒಳ್ಳೆ ನಡೆ ಲೆಕ್ಕ ಹಾಕೋ ಸಾಫ್ಟ್‌ವೇರ್) ಪುಕ್ಕಟೆ. ಬಸ್ಸಲ್ಲಿ ಕೂತು ಫೋನಿನಲ್ಲಿ ನೋಡಿದರೆ ಸಾಕು.

ಹಾಗಾದ್ರೆ ಗ್ಯಾಂಬಿಟ್ ಬಿಟ್ಟು ತೆಪ್ಪಗೆ ಲಂಡನ್ ಸಿಸ್ಟಮ್ ಅನ್ನೋ ಸೇಫ್ ಓಪನಿಂಗ್ ಆಡಿಕೊಂಡಿರಿ ಅನ್ನೋರು ತುಂಬಾ ಜನ ಇದ್ದಾರೆ. ದಿನಾ ಮೊಸರನ್ನ ತಿಂದರೆ ಹೊಟ್ಟೆ ಕೆಡಲ್ಲ, ನಿಜ. ನಾನು ಮಾತ್ರ ಒಪ್ಪಲ್ಲ.

ಮೊದಲು ಆ ಎಂಜಿನ್ ತೋರಿಸೋ ಅಂಕಿ ಏನು ಅಂತ ನೋಡೋಣ. ಪ್ಲಸ್ ಒಂದು ಅಂದ್ರೆ ಒಂದು ಪಾನ್ ಮುಂದೆ ಅಂತಲೇ ನಮ್ಮಲ್ಲಿ ಬಹಳ ಜನ ಅನ್ಕೊಂಡಿದ್ದಾರೆ. 2022ರ ಕೊನೆಯಲ್ಲಿ ಬಂದ ಸ್ಟಾಕ್‌ಫಿಶ್ 15.1ರಿಂದ ಅದರ ಅರ್ಥವೇ ಬದಲಾಗಿದೆ. ಈಗ ಪ್ಲಸ್ ಒಂದು ಅಂದ್ರೆ, ತನ್ನಷ್ಟೇ ಬಲದ ಎದುರಾಳಿ ಮೇಲೆ ಆ ಎಂಜಿನ್ ಗೆಲ್ಲೋ ಸಾಧ್ಯತೆ 50 ಪರ್ಸೆಂಟ್. ಸರಿಯಾಗಿ ಕೇಳಿಸ್ಕೊಳ್ಳಿ: ಎರಡೂ ಕಡೆ ಎಂಜಿನ್ನೇ ಕೂತಿದ್ದಾಗ! ನಿಮ್ಮ ಎದುರು ಕೂತಿರೋನು ಬೆಳಿಗ್ಗೆ ಎರಡು ಬಸ್ ಬದಲಾಯಿಸಿ ಬಂದಿದ್ದಾನೆ, ತಿಂಡಿ ತಿಂದಿಲ್ಲ, ಗಡಿಯಾರದಲ್ಲಿ ನಾಲ್ಕು ನಿಮಿಷ ಉಳಿದಿದೆ. ಅವನಿಗೆ ಆ ಅಂಕಿ ಅನ್ವಯಿಸಲ್ಲ.

ಆದರೆ ಆ ಹುಡುಗಿಗೆ ಅನ್ವಯಿಸಿತಲ್ಲ, ಅದೂ ಸತ್ಯ. ಹಾಗಾಗಿ ಅಂಕಿಗಿಂತ ಬೇರೆ ಒರೆಗಲ್ಲು ಬೇಕು.

ಗ್ಯಾಂಬಿಟ್ ಅನ್ನೋ ಪದ ಇಟಾಲಿಯನ್ನಿನ 'ಗ್ಯಾಂಬೆಟ್ಟೊ'ದಿಂದ ಬಂದಿದ್ದು. ಕಾಲಿಗೆ ಕಾಲು ಕೊಟ್ಟು ಬೀಳಿಸೋದು ಅಂತ. ನಮ್ಮ ಭಾಷೆಯಲ್ಲಿ ಅಡ್ಡಗಾಲು. ಮೈಸೂರಿನ ಗರಡಿ ಮನೆ ಕಂಡವರಿಗೆ ಇದು ಬೇಗ ಹೊಳೆಯುತ್ತೆ: ಅಡ್ಡಗಾಲು ಹಾಕಿದಾಗ ಎದುರಾಳಿ ಬೀಳದೇ ಇದ್ದರೆ ನೀನು ಎಲ್ಲಿ ನಿಂತಿರ್ತೀಯ? ಒಂಟಿ ಕಾಲಲ್ಲಿ ತೂರಾಡ್ತಾ ಇದ್ದರೆ ಅದು ಪಟ್ಟಲ್ಲ, ಜೂಜು. ನನ್ನ ಲೆಕ್ಕದಲ್ಲಿ ಗ್ಯಾಂಬಿಟ್ ಆರಿಸೋಕೆ ಇರೋ ಪ್ರಶ್ನೆ ಇದೊಂದೇ. ಎದುರಾಳಿಗೆ ಗುಟ್ಟು ಗೊತ್ತಿದ್ದರೂ ನನಗೆ ಆಡೋಕೆ ಏನಾದರೂ ಉಳಿಯುತ್ತಾ?

ಮುಂದೆ ವಿಶ್ವ ಚಾಂಪಿಯನ್ ಆದ ಅಮೆರಿಕದ ಬಾಬಿ ಫಿಶರ್ ಕಥೆ ತಗೊಳ್ಳಿ. 1960ರಲ್ಲಿ ಅರ್ಜೆಂಟೀನಾದ ಮಾರ್ ಡೆಲ್ ಪ್ಲಾಟಾದಲ್ಲಿ ಸೋವಿಯತ್ ಆಟಗಾರ ಸ್ಪಾಸ್ಕಿ ಅವನ ಮೇಲೆ ಕಿಂಗ್ಸ್ ಗ್ಯಾಂಬಿಟ್ (ಬಿಳಿ ಎರಡನೇ ನಡೆಗೇ ಎಫ್ ಪಾನ್ ಕೊಡೋದು) ಆಡಿ ಗೆದ್ದರು. ಹುಡುಗನಿಗೆ ಉರಿದು ಹೋಯ್ತು. ಮರುವರ್ಷ ಲೇಖನ ಬರೆದು ಕಿಂಗ್ಸ್ ಗ್ಯಾಂಬಿಟ್ ಸತ್ತಿದೆ ಅಂತ ಷರಾ ಹಾಕಿದ. ಕಪ್ಪು ಮೂರನೇ ನಡೆಗೆ ಡಿ6 ಆಡಬೇಕು ಅಂತ ಮದ್ದೂ ಕೊಟ್ಟ. ಎಂಜಿನ್ ಇಲ್ಲದ ಕಾಲದಲ್ಲಿ ಫಿಶರ್ರೇ ಎಂಜಿನ್. ಮಜಾ ಏನು ಅಂದ್ರೆ, ಅಮೆರಿಕದ 1963ರ ಚಾಂಪಿಯನ್‌ಶಿಪ್‌ನಲ್ಲಿ ಲ್ಯಾರಿ ಇವಾನ್ಸ್ ಮೇಲೆ ಫಿಶರ್ ತಾನೇ ಬಿಳಿಯಲ್ಲಿ ಕಿಂಗ್ಸ್ ಗ್ಯಾಂಬಿಟ್ ಆಡಿದ. ಮೂರನೇ ನಡೆಗೆ ಕುದುರೆ ಬದಲು ಬಿಷಪ್ ತಂದು ಗೆದ್ದ. ತಾನೇ ತಿಥಿ ಮಾಡಿದವನ ಮನೆಗೆ ತಾನೇ ಊಟಕ್ಕೆ ಹೋದ ಹಾಗೆ!

ಇನ್ನೊಂದು, ನಮ್ಮ ಆನಂದ್‌ಗೆ ಆಗಿದ್ದು. 1995, ರೀಗಾ. ವಿಶ್ವ ಚಾಂಪಿಯನ್ ಕಾಸ್ಪರೋವ್ ನಾಲ್ಕನೇ ನಡೆಗೆ ಬಿ4 ತಳ್ಳಿದರು. ಇವಾನ್ಸ್ ಗ್ಯಾಂಬಿಟ್. ಇದು ಲ್ಯಾರಿ ಅಲ್ಲ, ವೇಲ್ಸಿನ ಹಡಗಿನ ಕ್ಯಾಪ್ಟನ್ ಇವಾನ್ಸ್. 1820ರ ದಶಕದಲ್ಲಿ ಕಂಡುಹಿಡಿದಿದ್ದು. ಅಷ್ಟು ಹಳೇ ಸಾಮಾನು. ಆನಂದ್ ಪಾನ್ ತಿಂದು, ಬಿಷಪ್ಪನ್ನ ಜಾಣತನದಿಂದ ಇ7ಗೆ ಹಿಂದಕ್ಕೆಳೆದರು, ಆಮೇಲೆ ಕುದುರೆಯನ್ನ ಎ5ಗೆ ತಂದರು. ಈಗ ಬಿಳಿ ಗುದ್ದಾಡಬೇಕು ಅಂತ ನಮಗನಿಸುತ್ತೆ. ಕಾಸ್ಪರೋವ್ ಏಳನೇ ನಡೆಗೆ ಏನು ಮಾಡಿದರು ಗೊತ್ತಾ? ತಮ್ಮ ಬಿಷಪ್ಪನ್ನ ಸುಮ್ಮನೆ ಇ2ಗೆ ವಾಪಸ್ ತಂದರು. ಪಾನ್ ದಾನ ಕೊಟ್ಟವನು ಯಾವ ಆತುರವೂ ಇಲ್ಲದೆ ಕೂತಿದ್ದಾನೆ. ಮುಂದಿನ ನಡೆಗೆ ಕ್ವೀನ್ ಡಿ4ರಲ್ಲಿ ಬಂದು ನಿಂತಿತು. 25ನೇ ನಡೆಗೆ ಆಟ ಮುಗಿದಿತ್ತು. ಇವಾನ್ಸ್‌ನಲ್ಲಿ ಬಲೆ ಇಲ್ಲವೇ? ಬೇಕಾದಷ್ಟಿದೆ. ಆದರೆ ಬಲೆಗೆ ಬೀಳದವನ ಎದುರೂ ಜಾಗ ಇದೆ, ಕೇಂದ್ರ ಇದೆ, ಮಾಡೋಕೆ ಕೆಲಸ ಇದೆ.

ಎಂಜಿನ್ ಎಲ್ಲಾ ಗ್ಯಾಂಬಿಟ್ಟನ್ನೂ ಕೊಂದಿದೆ ಅನ್ನೋದೂ ಸುಳ್ಳೇ. ರೂಯ್ ಲೋಪೆಜ್ ಅನ್ನೋ ಓಪನಿಂಗ್‌ನಲ್ಲಿ ಕಪ್ಪು ಪಾನ್ ಕೊಟ್ಟು ದಾಳಿ ಮಾಡೋ ಮಾರ್ಷಲ್ ಅಟ್ಯಾಕ್ ಇದೆಯಲ್ಲ, 1918ರಲ್ಲಿ ನ್ಯೂಯಾರ್ಕಿನಲ್ಲಿ ಮಾರ್ಷಲ್ ಅದನ್ನ ಆಡಿದಾಗ ಕಾಪಾಬ್ಲಾಂಕಾ ಒಂದೊಂದೇ ಏಟು ತಪ್ಪಿಸಿಕೊಂಡು ಗೆದ್ದರು. ಇವತ್ತು ಎಂಜಿನ್ ಕೇಳಿ, ಕಪ್ಪು ಆರಾಮಾಗಿದೆ ಅನ್ನುತ್ತೆ. ಘಟಾನುಘಟಿಗಳೇ ಎ4, ಎಚ್3 ಅಂತ ಪಕ್ಕದ ದಾರಿ ಹಿಡಿದು ಅದನ್ನ ತಪ್ಪಿಸ್ತಾರೆ. ಹಳೇ ಎಂಜಿನ್‌ಗಳು ಲೆಕ್ಕದ ಗುಮಾಸ್ತರ ಹಾಗೆ, ಒಂದು ಪಾನ್ ಕಮ್ಮಿ ಆದರೆ ಮುಖ ಗಂಟು. 2017ರಲ್ಲಿ ಗೂಗಲ್ ಡೀಪ್‌ಮೈಂಡಿನ ಆಲ್ಫಾಝೀರೋ ಪ್ರೋಗ್ರಾಂ ಪಾನ್ ಎಸೆದು ಎಸೆದು ಗೆದ್ದ ಮೇಲೆ ಆ ಧೋರಣೆ ಸಡಿಲಾಯ್ತು.

ನಾನು ಈಗ ಮಾಡೋದು ಇಷ್ಟು. ಎಂಜಿನ್‌ನಲ್ಲಿ ಒಂದೇ ಸಾಲು ಅಲ್ಲ, ನಾಲ್ಕು ಸಾಲು ಹಾಕ್ತೀನಿ. ಎದುರಾಳಿಯ ಅತ್ಯುತ್ತಮ ನಡೆಗೂ ಎರಡನೆಯದಕ್ಕೂ ಎಷ್ಟು ಅಂತರ ಅಂತ ನೋಡ್ತೀನಿ. ನಾಲ್ಕೂ ನಡೆ ಅವನಿಗೆ ಒಳ್ಳೆಯದೇ ಆದರೆ ಆ ಗ್ಯಾಂಬಿಟ್ ನನಗೆ ಬೇಡ. ಸರಿಯಾದದ್ದು ಒಂದೇ ಇದ್ದು, ಅದೂ ನೋಡೋಕೆ ವಿಚಿತ್ರವಾಗಿದ್ದು, ಹಾಗೇ ಮೂರು ನಡೆ ಸಾಲಾಗಿ ಹುಡುಕಬೇಕಾಗಿ ಬಂದರೆ ನನಗೆ ಆಸೆ ಹುಟ್ಟುತ್ತೆ. ಅಷ್ಟಾದ ಮೇಲೆ ಎಂಜಿನ್ ಮುಚ್ಚಿ ಗೆಳೆಯನಿಗೆ ಫೋನ್ ಮಾಡ್ತೀನಿ. ಗುಟ್ಟನ್ನ ಮೊದಲೇ ಅವನಿಗೆ ಹೇಳಿಕೊಟ್ಟು ಹತ್ತು ಆಟ ಆಡ್ತೀನಿ. ಹತ್ತರಲ್ಲಿ ನಾಲ್ಕು ಪಾಯಿಂಟ್ ಬಂದರೆ ಆ ಗ್ಯಾಂಬಿಟ್ ನನ್ನದು.

ಸ್ಟಾಫರ್ಡ್‌ನಲ್ಲಿ ಹತ್ತಕ್ಕೆ ಒಂದೂವರೆ ಬಂತು. ಬಿಟ್ಟೆ. ಕಪ್ಪಿನಲ್ಲಿ ಆಡೋ ಬೆಂಕೋ ಗ್ಯಾಂಬಿಟ್ ಉಳಿಯಿತು. ಡಿ4ಗೆ ಕುದುರೆ ಎಫ್6, ಸಿ4ಗೆ ಸಿ5, ಡಿ5ಗೆ ಬಿ5. ಎಂಜಿನ್‌ಗೆ ಇದು ಇಷ್ಟವೇ ಇಲ್ಲ, ಬಿಳಿ ಚೆನ್ನಾಗಿದೆ ಅಂತಲೇ ತೋರಿಸುತ್ತೆ. ಆದರೆ ಇದರಲ್ಲಿ ಮುಚ್ಚಿಡೋ ಗುಟ್ಟೇ ಇಲ್ಲವಲ್ಲ! ಎ ಫೈಲ್, ಬಿ ಫೈಲ್ (ಬೋರ್ಡಿನ ಉದ್ದಸಾಲುಗಳು) ಎರಡೂ ನನ್ನ ಕಡೆಯಿಂದ ತೆರೆದಿರ್ತವೆ, ರೂಕ್‌ಗಳು ಅಲ್ಲಿ ಹೋಗಿ ಕೂರ್ತವೆ, ಜಿ7ರ ಬಿಷಪ್ ಕರ್ಣದುದ್ದಕ್ಕೂ ಬಿ2 ಕಡೆಗೆ ಕಣ್ಣಿಟ್ಟಿರುತ್ತೆ. ನನ್ನ ಗೆಳೆಯ ಒಂದು ಪಾನ್ ಮುಂದೆ ಇದ್ದಾನೆ ತಾನೇ, ನಿಟ್ಟುಸಿರು ಬಿಡೋಣ ಅಂತ ಕ್ವೀನ್ ಬದಲಾಯಿಸಿಕೊಂಡ. ಬೇರೆ ಗ್ಯಾಂಬಿಟ್ ಆಗಿದ್ದರೆ ನನ್ನ ಕಥೆ ಅಲ್ಲಿಗೆ ಮುಗೀತು. ಇಲ್ಲಿ ಅವನ ಎ2, ಬಿ2 ಪಾನ್‌ಗಳನ್ನ ಕಾಯೋಕೆ ಎರಡೂ ರೂಕ್ ಬೇಕಾಯ್ತು, ನಲವತ್ತು ನಡೆ ಬೆವರು ಸುರಿಸಿ ಎರಡನ್ನೂ ಕಳಕೊಂಡ.

ಮೊನ್ನೆ ಫೋನ್ ಮಾಡಿದ್ದ. ಮುಂದಿನ ಸಲದಿಂದ ಬಿ5 ಪಾನ್ ತಿನ್ನೋದೇ ಇಲ್ವಂತೆ. ಸರಿ, ಅದಕ್ಕೂ ಏನಾದರೂ ಹುಡುಕಬೇಕು.